ಬಾಟಲಿ ಇಳಿದ ಮೇಲೂ ಉಳಿಯುವ ಸುಸ್ತು

ನಮ್ಮ ಚಿತ್ರದುರ್ಗ ಜಿಲ್ಲೆಯ ಹೊಸದುರ್ಗದ ಹತ್ತಿರದ ಹಳ್ಳಿಯಲ್ಲಿರುವ ನನ್ನ ಚಿಕ್ಕಪ್ಪನ ಮಗಳಿಗೆ 24 ವರ್ಷ. ಎರಡು ವರ್ಷಗಳ ಕಾಲ ಅವಳು ತಿಂಗಳಿಗೊಮ್ಮೆ, ಹಬ್ಬ ಮದುವೆಗಳಿದ್ದರೆ ಹದಿನೈದು ದಿನಕ್ಕೊಮ್ಮೆ, ಪೇಟೆಗೆ ಹೋಗಿ ಗ್ಲೂಕೋಸ್ ಹಾಕಿಸಿಕೊಂಡು ಬರುತ್ತಿದ್ದಳು. ಮನೆಯವರು ಅದನ್ನು ಸೀಮೆಎಣ್ಣೆ ತರುವಷ್ಟು ಸಹಜವಾಗಿ ಹೇಳುತ್ತಿದ್ದರು: "ಸುಸ್ತು ಅಂದ್ಳು, ಒಂದು ಬಾಟ್ಲಿ ಹಾಕಿಸ್ಕೊಂಡು ಬಂದ್ಲು." ಬಾಟಲಿಯ ಜೊತೆಗೆ ಹಳದಿ ಬಣ್ಣದ ಒಂದು ಸೂಜಿಮದ್ದು, ಕೆಂಪು ಡಬ್ಬಿಯ ಒಂದು ಟಾನಿಕ್ಕು. ಎರಡು ದಿನ ಹಗುರ ಅನ್ನಿಸುತ್ತಿತ್ತು, ಮೂರನೆಯ ದಿನ ಮತ್ತೆ ಅದೇ. "ಅಕ್ಕಾ, ನೀರಿನ ಕೊಡ ಎತ್ತಿದ್ರೆ ಎದೆ ಡವಡವ ಅಂತೈತೆ. ಬೆಳಿಗ್ಗೆ ಎದ್ದಾಗ್ಲೇ ಸಂಜೆ ಆದಂಗಿರ್ತೈತೆ" ಎಂದು ಅವಳು ನನಗೆ ಫೋನಿನಲ್ಲಿ ಹೇಳಿದ್ದು ಇನ್ನೂ ಕಿವಿಯಲ್ಲಿದೆ. ನಾನೂ ಆಗ ಹೇಳಿದ್ದು ಎಲ್ಲರೂ ಹೇಳುವುದನ್ನೇ: "ಸರಿಯಾಗಿ ಊಟ ಮಾಡು, ಮೊಬೈಲು ಕಡಿಮೆ ನೋಡು."

ಮೊದಲು ಆ ಬಾಟಲಿಯ ಲೆಕ್ಕ ನೋಡಬೇಕು. ಸಾಮಾನ್ಯವಾಗಿ ಹಾಕುವ ಅರ್ಧ ಲೀಟರಿನ 5 ಪರ್ಸೆಂಟ್ ಡೆಕ್ಸ್‌ಟ್ರೋಸ್ ಬಾಟಲಿಯಲ್ಲಿ ಇರುವುದು 25 ಗ್ರಾಂ ಸಕ್ಕರೆ. ಅದರಿಂದ ಸಿಗುವ ಶಕ್ತಿ 85 ಕ್ಯಾಲೊರಿಯ ಸುತ್ತಮುತ್ತ. ನೂರು ಗ್ರಾಂ ರಾಗಿ ಹಿಟ್ಟಿನ ಒಂದು ಮುದ್ದೆಯಲ್ಲಿ 320 ಕ್ಯಾಲೊರಿ ಇದೆ. ನಿರ್ಜಲೀಕರಣವಾದಾಗ, ಬಾಯಿಂದ ಏನೂ ಇಳಿಯದಿದ್ದಾಗ ಡ್ರಿಪ್ ಜೀವ ಉಳಿಸುತ್ತದೆ, ಅದರಲ್ಲಿ ಅನುಮಾನವಿಲ್ಲ. ಊಟ ಮಾಡುತ್ತಾ ಓಡಾಡುತ್ತಿರುವ ಹುಡುಗಿಗೆ ಅದು ಕೊಡುವುದು ಒಂದಷ್ಟು ನೀರು, ನಾಲ್ಕೈದು ಚಮಚ ಸಕ್ಕರೆ, ಒಂದು ಗಂಟೆ ಮಲಗುವ ಅವಕಾಶ. ಬಹುಶಃ ಆ ಒಂದು ಗಂಟೆಯ ಮಲಗುವಿಕೆಯೇ ಅವಳಿಗೆ ಹಿತವಾಗುತ್ತಿತ್ತು. ಮನೆಯಲ್ಲಿ ಹಗಲು ಹೊತ್ತು ಮಲಗಿದರೆ ಮಾತು ಬರುತ್ತದೆ. ಇನ್ನು ಹಳದಿ ಸೂಜಿ ಸಾಮಾನ್ಯವಾಗಿ ಬಿ ಗುಂಪಿನ ಜೀವಸತ್ವಗಳದ್ದು. ಅದರಲ್ಲಿ ಬಿ12 ಸೇರಿದ್ದರೆ ಮುಂದೆ ಮಾಡಿಸುವ ರಕ್ತಪರೀಕ್ಷೆಯಲ್ಲಿ ಬಿ12 ಚೆನ್ನಾಗಿದೆ ಎಂದೇ ಬರುತ್ತದೆ, ನಿಜವಾದ ಕೊರತೆ ಮುಚ್ಚಿಹೋಗುತ್ತದೆ. ಸೂಜಿ ಹಾಕಿದ ಕೂಡಲೇ ಮೈ ಗರಿಗೆದರಿದ ಹಾಗೆ ಆಯಿತೆಂದರೆ ಅದರಲ್ಲಿ ಸ್ಟೀರಾಯ್ಡ್ ಇತ್ತೇ ಎಂದು ಕೇಳುವ ಹಕ್ಕು ರೋಗಿಗಿದೆ.

ನಮ್ಮ ಕಡೆ ದಣಿವು ಬೇರೆ, ಸುಸ್ತು ಬೇರೆ. ಈರುಳ್ಳಿ ಕಿತ್ತ ದಿನ ಬರುವುದು ದಣಿವು. ಒಂದು ರಾತ್ರಿ ಮಲಗಿದರೆ ಹೋಗುತ್ತದೆ. ಏನೂ ಮಾಡದೆ ಇದ್ದರೂ ಬೆಳಿಗ್ಗೆ ಏಳುವಾಗಲೇ ಜೊತೆಗೆ ಏಳುವುದು ಸುಸ್ತು. ಎರಡು ಮೂರು ವಾರ ಬಿಡದೆ ಇದ್ದರೆ ಅದಕ್ಕೆ ಕಾರಣ ಹುಡುಕಲೇಬೇಕು. ಊರಲ್ಲಿ ಇದಕ್ಕೆ ಸಿದ್ಧವಾಗಿರುವ ಹೆಸರು 'ಲೋ ಬಿಪಿ'. ಸಣ್ಣ ಮೈಕಟ್ಟಿನ ಎಷ್ಟೋ ಹುಡುಗಿಯರ ಬಿಪಿ ಸದಾ 100/60ರ ಆಸುಪಾಸಿನಲ್ಲೇ ಇರುತ್ತದೆ, ಅವರಿಗೆ ಅದೇ ಸರಿಯಾದ ಬಿಪಿ. ಆ ಒಂದು ಅಂಕಿಯನ್ನು ಹೇಳಿ ಕಳಿಸಿದಾಗ ಹುಡುಕಾಟ ಅಲ್ಲಿಗೇ ನಿಂತುಹೋಗುತ್ತದೆ.

ಹುಡುಕಾಟ ಶುರುವಾಗಬೇಕಾದದ್ದು ರಕ್ತದಿಂದ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ 57ರಷ್ಟು ಮಂದಿಗೆ ರಕ್ತಹೀನತೆ. ಕರ್ನಾಟಕದಲ್ಲಿ ಶೇ 47.8. ಅಂದರೆ ಹೊಳಲ್ಕೆರೆ ಬಸ್ ನಿಲ್ದಾಣದಲ್ಲಿ ಬೆಳಿಗ್ಗೆ ಚಿತ್ರದುರ್ಗದ ಬಸ್ಸಿಗೆ ಕಾಯುವ ಕಾಲೇಜು ಹುಡುಗಿಯರಲ್ಲೂ ಹತ್ತಿರ ಹತ್ತಿರ ಅರ್ಧದಷ್ಟು ಜನ ಹಾಗಿರಬಹುದು. ಹೆಂಗಸರಲ್ಲಿ ಹಿಮೋಗ್ಲೋಬಿನ್ 12 ಗ್ರಾಂಗಿಂತ, ಗಂಡಸರಲ್ಲಿ 13 ಗ್ರಾಂಗಿಂತ ಕಡಿಮೆ ಇದ್ದರೆ ಅದು ರಕ್ತಹೀನತೆ. ಮೈಯ ಮೂಲೆ ಮೂಲೆಗೆ ಆಮ್ಲಜನಕ ಹೊರುವ ಈ ಹಿಮೋಗ್ಲೋಬಿನ್ನಿನ ನಡುವೆ ಕೂತಿರುವುದು ಕಬ್ಬಿಣ. ಹೊರುವವರು ಕಡಿಮೆಯಾದಾಗ ಹೃದಯ ಇರುವವರನ್ನೇ ಹೆಚ್ಚು ಸಲ ಓಡಾಡಿಸಬೇಕಾಗುತ್ತದೆ. ಕೊಡ ಎತ್ತಿದಾಗ ಎದೆ ಡವಡವ ಅನ್ನುವುದು ಅದಕ್ಕೇ.

ಕಬ್ಬಿಣದ ಕೊರತೆ ರಕ್ತದ ಅಂಕಿಯಲ್ಲಿ ಕಾಣುವ ಮುಂಚೆಯೇ ಮನೆಯಲ್ಲಿ ಕಾಣಿಸಿಕೊಳ್ಳುತ್ತದೆ, ನೋಡುವ ಕಣ್ಣಿದ್ದರೆ. ಹಸಿ ಅಕ್ಕಿ ತಿನ್ನುವುದು, ಸೀಮೆಸುಣ್ಣ, ವಿಭೂತಿ, ಮಳೆ ಬಿದ್ದ ಕೆಮ್ಮಣ್ಣಿನ ವಾಸನೆಗೆ ಬಾಯಲ್ಲಿ ನೀರು ಬರುವುದು. "ಅಕ್ಕಿ ತಿನ್ಬೇಡ ಕಣೇ, ಮದುವೆ ದಿನ ಮಳೆ ಬರ್ತೈತೆ" ಎಂದು ಅಜ್ಜಿಯರು ಗದರುತ್ತಿದ್ದರು. ಅಕ್ಕಿಡಬ್ಬಕ್ಕೆ ಕೈ ಹಾಕುವ ಹುಡುಗಿಯ ಮೈ ಕಬ್ಬಿಣ ಬೇಡುತ್ತಿರಬಹುದು ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಕಬ್ಬಿಣ ತುಂಬಿಕೊಟ್ಟರೆ ಈ ಚಟ ಎಷ್ಟೋ ಜನರಲ್ಲಿ ತಾನಾಗಿಯೇ ಬಿಟ್ಟುಹೋಗುತ್ತದೆ. ಚಮಚದ ಹಾಗೆ ಗುಳಿಬಿದ್ದ ಉಗುರು, ಬಾಯಿಯ ಅಂಚಿನಲ್ಲಿ ಹುಣ್ಣು, ಬಾಚಣಿಗೆಯಲ್ಲಿ ಹಿಡಿ ಕೂದಲು, ರಾತ್ರಿ ಕಾಲು ಚಡಪಡಿಸುವುದು ಇವೂ ಅದೇ ಕಡೆಗೆ ಬೆರಳು ತೋರಿಸುತ್ತವೆ.

ಹಿಮೋಗ್ಲೋಬಿನ್ 12 ಇದ್ದರೂ ಸುಸ್ತು ಇರಬಹುದು ಎನ್ನುವುದು ಅಷ್ಟಾಗಿ ಪ್ರಚಾರವಾಗದ ವಿಷಯ. ಮೈಯೊಳಗಿನ ಕಬ್ಬಿಣದ ಕಣಜಕ್ಕೆ ಫೆರಿಟಿನ್ ಎಂಬ ಅಳತೆಯಿದೆ. ಕಣಜ ಬರಿದಾದ ಎಷ್ಟೋ ದಿನಗಳ ನಂತರ ಹಿಮೋಗ್ಲೋಬಿನ್ ಇಳಿಯುತ್ತದೆ. ಹಿಮೋಗ್ಲೋಬಿನ್ ಸರಿಯಿದ್ದು ಫೆರಿಟಿನ್ ಕಡಿಮೆಯಿದ್ದ, ಕಾರಣ ತಿಳಿಯದೆ ಸುಸ್ತಾಗುತ್ತಿದ್ದ 198 ಮಹಿಳೆಯರ ಮೇಲೆ ಫ್ರಾನ್ಸಿನಲ್ಲಿ ನಡೆದ ಒಂದು ಪ್ರಯೋಗ 2012ರಲ್ಲಿ ಪ್ರಕಟವಾಯಿತು. ಹನ್ನೆರಡು ವಾರ ಕಬ್ಬಿಣದ ಮಾತ್ರೆ ತೆಗೆದುಕೊಂಡವರಲ್ಲಿ ಸುಸ್ತಿನ ಅಂಕ ಹತ್ತಿರ ಅರ್ಧಕ್ಕೆ ಇಳಿಯಿತು. ಹುಸಿಮಾತ್ರೆ ತೆಗೆದುಕೊಂಡವರಲ್ಲಿ ಇಳಿದದ್ದು ಶೇ 29ರಷ್ಟು. "ರಿಪೋರ್ಟ್ ನಾರ್ಮಲ್ ಐತೆ, ಸುಮ್ಮನೆ ಮಾಡ್ತಾಳೆ" ಎಂಬ ಮಾತು ಕೇಳಿಸಿಕೊಂಡ ಹುಡುಗಿಯರು ನಮ್ಮಲ್ಲಿ ಎಷ್ಟಿರಬಹುದು ಎಂದು ಯೋಚಿಸಿದಾಗೆಲ್ಲ ನನಗೆ ಸಂಕಟವಾಗುತ್ತದೆ.

ಕಬ್ಬಿಣ ಎಲ್ಲಿಗೆ ಹೋಗುತ್ತದೆ? ಹೆಚ್ಚಿನ ಹುಡುಗಿಯರಲ್ಲಿ ಮುಟ್ಟಿನಲ್ಲಿ. ಸಾಮಾನ್ಯ ಮುಟ್ಟಿನಲ್ಲಿ ಹೋಗುವ ರಕ್ತ 30–40 ಮಿಲಿ ಲೀಟರ್. 80 ದಾಟಿದರೆ ಅತಿಸ್ರಾವ. ಒಂದು ಮಿಲಿ ಲೀಟರ್ ರಕ್ತದ ಜೊತೆ ಸುಮಾರು ಅರ್ಧ ಮಿಲಿಗ್ರಾಂ ಕಬ್ಬಿಣ ಹೊರಟುಹೋಗುತ್ತದೆ, ದಿನಕ್ಕೆ ಕರುಳು ಹೀರಿಕೊಳ್ಳುವುದೋ ಒಂದೆರಡು ಮಿಲಿಗ್ರಾಂ ಮಾತ್ರ. ಪ್ರತಿ ತಿಂಗಳೂ ನೂರು ಮಿಲಿ ಲೀಟರ್ ಹೋಗುವವಳು ಏನು ತಿಂದರೂ ಆ ಲೆಕ್ಕ ಸರಿದೂಗುವುದು ಕಷ್ಟ. ಆದರೆ ಅಳತೆ ಮಾಡುವವರು ಯಾರು? ಏಳು ದಿನಕ್ಕಿಂತ ಹೆಚ್ಚು ಹೋಗುವುದು, ಗಂಟೆ ಎರಡು ಗಂಟೆಗೊಮ್ಮೆ ಬಟ್ಟೆ ಬದಲಿಸುವುದು, ಗಡ್ಡೆಗಡ್ಡೆಯಾಗಿ ಹೋಗುವುದು, ರಾತ್ರಿ ಎದ್ದು ಪ್ಯಾಡ್ ಬದಲಿಸುವುದು ಇವು ಅತಿಸ್ರಾವದ ಗುರುತುಗಳು. ತಾಯಿಗೂ ಹಾಗೇ ಆಗುತ್ತಿದ್ದರೆ ಮಗಳು ಅದನ್ನು ಎಲ್ಲರಿಗೂ ಆಗುವುದೆಂದೇ ತಿಳಿದಿರುತ್ತಾಳೆ. ಮಾತೇ ಆಡದ ವಿಷಯದಲ್ಲಿ ಹೋಲಿಸಿ ನೋಡುವುದಾದರೂ ಹೇಗೆ? ಹಿರಿಯೂರು, ಹೊಸದುರ್ಗ ಕಡೆಯ ಕೆಲವು ಗೊಲ್ಲರಹಟ್ಟಿಗಳಲ್ಲಿ ಇಂದಿಗೂ ಮುಟ್ಟಾದ ಹೆಣ್ಣುಮಕ್ಕಳು ಹಟ್ಟಿಯ ಹೊರಗೆ ಉಳಿಯುತ್ತಾರೆ. ರಕ್ತ ಹೋಗುವ ದಿನಗಳಲ್ಲೇ ನಿದ್ದೆಯೂ ಬಿಸಿ ಊಟವೂ ಕೈತಪ್ಪುತ್ತವೆ. ಈ ಕಷ್ಟ ನಮ್ಮ ಜಿಲ್ಲೆಯ ಆರೋಗ್ಯದ ಲೆಕ್ಕಕ್ಕೆ ಸೇರಲೇಬೇಕು.

ಶಾಲೆಯಲ್ಲಿ ವಾರಕ್ಕೊಂದು ನೀಲಿ ಮಾತ್ರೆ ಕೊಡುತ್ತಾರೆ. ಅದರಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ. ವರ್ಷಕ್ಕೆರಡು ಸಲ ಜಂತುಹುಳದ ಮಾತ್ರೆ. ಬರಿಗಾಲಲ್ಲಿ ತೋಟ ಹೊಲ ತಿರುಗುವವರ ಪಾದದಿಂದ ಒಳಸೇರಿ ಕರುಳಿಗೆ ಕಚ್ಚಿ ರಕ್ತ ಹೀರುವ ಕೊಕ್ಕೆಹುಳ ಇರುವ ಕಡೆ ಇದು ದೊಡ್ಡ ಸಹಾಯ. ಗರ್ಭಿಣಿಯಾದರೆ ಆಶಾ ಕಾರ್ಯಕರ್ತೆಯೇ ಮನೆ ಬಾಗಿಲಿಗೆ ಬರುತ್ತಾರೆ. ಶಾಲೆ ಬಿಟ್ಟ ಮೇಲೆ, ಬಸುರಿಯಾಗುವ ಮೊದಲು, ನಡುವಿನ ಆರೇಳು ವರ್ಷ? 2018ರಲ್ಲಿ ಶುರುವಾದ 'ಅನೀಮಿಯಾ ಮುಕ್ತ ಭಾರತ'ದಲ್ಲಿ ಈ ವಯಸ್ಸಿನವರಿಗೂ ವಾರದ ಕೆಂಪು ಮಾತ್ರೆ ಇದೆ. ಆದರೆ ಡಿಗ್ರಿ ಓದುವ, ಅಂಗಡಿಯಲ್ಲಿ ನಿಲ್ಲುವ, ಅಡಿಕೆ ಸುಲಿಯಲು ಹೋಗುವ ಹುಡುಗಿಗೆ ತಾನು ಅದನ್ನು ಕೇಳಿ ಪಡೆಯಬಹುದು ಎಂಬುದೇ ತಿಳಿದಿರುವುದಿಲ್ಲ. ನನ್ನ ತಂಗಿ ಬಿದ್ದದ್ದು ಈ ಸಂದಿಯಲ್ಲೇ.

ಊಟದ ಮಾತಿಗೆ ಬಂದರೆ, ನಮ್ಮ ರಾಗಿಯ ಬಗ್ಗೆ ನನಗೆ ಅಭಿಮಾನವೇ. ನೂರು ಗ್ರಾಂ ರಾಗಿಯಲ್ಲಿ 364 ಮಿಲಿಗ್ರಾಂ ಸುಣ್ಣದಂಶ ಇದೆ, ಬೇರೆ ಯಾವ ಸಾಮಾನ್ಯ ಧಾನ್ಯವೂ ಹತ್ತಿರ ಬರುವುದಿಲ್ಲ. ಕಬ್ಬಿಣವೂ ನಾಲ್ಕೂವರೆ ಮಿಲಿಗ್ರಾಂನಷ್ಟಿದೆ. ಆದರೆ ರಾಗಿಯಲ್ಲೇ ಇರುವ ಫೈಟೇಟ್, ಟ್ಯಾನಿನ್‌ಗಳು ಆ ಕಬ್ಬಿಣವನ್ನು ಹಿಡಿದಿಟ್ಟು ಕರುಳಿಗೆ ಬಿಡುವುದಿಲ್ಲ. ಮೊಳಕೆ ಕಟ್ಟಿ ಹುರಿಹಿಟ್ಟು ಮಾಡಿದರೆ ಹಿಡಿತ ಸಡಿಲವಾಗುತ್ತದೆ. ಮುದ್ದೆಯ ಸಾರಿಗೆ ನುಗ್ಗೆಸೊಪ್ಪು, ಹುರುಳಿ, ಅಲಸಂದೆ ಇದ್ದು ಮೇಲೆ ಒಂದು ಹೋಳು ನಿಂಬೆ ಹಿಂಡಿದರೆ, ಅಥವಾ ಊಟದ ಜೊತೆ ಒಂದು ಸೀಬೆಹಣ್ಣು ಕಚ್ಚಿದರೆ, ಅದರ ಸಿ ಜೀವಸತ್ವ ಕಬ್ಬಿಣವನ್ನು ಬಿಡಿಸಿಕೊಡುತ್ತದೆ. ಊಟವಾದ ಕೂಡಲೇ ಟೀ ಕುಡಿದರೆ ಸೊಪ್ಪು ಕಾಳುಗಳ ಕಬ್ಬಿಣದಲ್ಲಿ ಅರ್ಧಕ್ಕಿಂತ ಹೆಚ್ಚು ಒಳಗೆ ಹೋಗದಿರಬಹುದು. ಒಂದು ಗಂಟೆ ತಡೆದರೆ ನಷ್ಟ ಕಡಿಮೆ. ಹೊಲದಲ್ಲಿ ಬುತ್ತಿ ಬಿಚ್ಚಿದ ಕೂಡಲೇ ಫ್ಲಾಸ್ಕು ತೆರೆಯುವ ನಮ್ಮ ಅಭ್ಯಾಸಕ್ಕೆ ಇದು ಕಷ್ಟದ ಮಾತು, ಆದರೂ ಹೇಳಬೇಕು. ಇನ್ನೊಂದು: ಹಿರಿಯೂರು, ಹೊಸದುರ್ಗದ ದಾಳಿಂಬೆ ಕೆಂಪಗಿರುವುದರಿಂದ ರಕ್ತ ಆಗುತ್ತದೆಂದು ನಂಬಿ ಆಸ್ಪತ್ರೆಗೆ ಒಯ್ಯುತ್ತೇವೆ. ನೂರು ಗ್ರಾಂ ದಾಳಿಂಬೆಯಲ್ಲಿ ಕಬ್ಬಿಣ ಅರ್ಧ ಮಿಲಿಗ್ರಾಂ ಕೂಡ ಇಲ್ಲ. ಹಣ್ಣು ಒಳ್ಳೆಯದೇ, ಔಷಧವಾಗಿ ನೆಚ್ಚಬಾರದು. ಮಾಂಸ ತಿನ್ನುವ ಮನೆಗಳಲ್ಲಿ ಕಬ್ಬಿಣ ಸುಲಭವಾಗಿ ಸಿಗುವುದು ಕುರಿಯ ಈಲಿ, ಮಾಂಸದಲ್ಲಿ. ಅದು ತಟ್ಟೆಗೆ ಬೀಳುವಾಗ ಮೊದಲು ಗಂಡಸರಿಗೆ, ಉಳಿದರೆ ಹೆಣ್ಣುಮಕ್ಕಳಿಗೆ ಎಂಬ ಕ್ರಮ ಇನ್ನೂ ಎಷ್ಟು ಮನೆಗಳಲ್ಲಿದೆ ಎಂದು ಓದುಗರೇ ತಮ್ಮ ಅಡುಗೆಮನೆ ನೋಡಿಕೊಳ್ಳಬೇಕು.

ಎಲ್ಲ ರಕ್ತಹೀನತೆಯೂ ಕಬ್ಬಿಣದ್ದಲ್ಲ. ಇದು ಗೊತ್ತಾದದ್ದರಲ್ಲಿ ನಮ್ಮ ನೆಲದ ಪಾಲು ದೊಡ್ಡದು. 1928ರಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ ಮುಂಬಯಿಗೆ ಬಂದು ಬಟ್ಟೆ ಗಿರಣಿಯ ಬಸುರಿ ಹೆಂಗಸರ ರಕ್ತಹೀನತೆಯ ಬೆನ್ನು ಹತ್ತಿದರು. ಅಗ್ಗದ ಯೀಸ್ಟ್ ಸಾರದಿಂದ ಅದು ವಾಸಿಯಾಗುತ್ತದೆಂದು ತೋರಿಸಿದರು. ಆ ಸಾರದೊಳಗಿನ ಗುಟ್ಟು ಫೋಲಿಕ್ ಆಮ್ಲ. ಮುಂದೆ ಅಮೆರಿಕದಲ್ಲಿ ಅದನ್ನು ಪ್ರಯೋಗಾಲಯದಲ್ಲಿ ತಯಾರಿಸಿದ ತಂಡವನ್ನು ನಡೆಸಿದವರು ಆಂಧ್ರದ ಯಲ್ಲಾಪ್ರಗಡ ಸುಬ್ಬರಾವ್. ಅದರ ಜೊತೆಗಾರ ಬಿ12 ಸಿಗುವುದು ಮಾಂಸ, ಮೀನು, ಮೊಟ್ಟೆ, ಹಾಲುಗಳಲ್ಲಿ ಮಾತ್ರ. ಶುದ್ಧ ಸಸ್ಯಾಹಾರದ ಮನೆಗಳು ನಮ್ಮ ಜಿಲ್ಲೆಯಲ್ಲಿ ಬಹಳ. ಹಾಲು ಡೇರಿಗೆ ಹೋಗಿ ಮನೆಗೆ ಟೀಗೆ ಬೇಕಾದಷ್ಟೇ ಉಳಿದರೆ ಆ ಮನೆಯ ಮಕ್ಕಳಿಗೆ ಬಿ12 ಎಲ್ಲಿಂದ ಬರಬೇಕು? ಸುಸ್ತಿನ ಜೊತೆ ಪಾದ ಜೋಮು ಹಿಡಿಯುವುದು, ಅಂಗಾಲು ಉರಿ, ಮರೆವು, ನಾಲಿಗೆ ನುಣ್ಣಗೆ ಕೆಂಪಾಗುವುದು ಇದ್ದರೆ ಬಿ12 ಪರೀಕ್ಷೆ ಮಾಡಿಸಬೇಕು. ತಡಮಾಡಿದರೆ ನರಗಳಿಗೆ ಆದ ಹಾನಿ ಪೂರ್ತಿ ವಾಸಿಯಾಗದೆ ಉಳಿಯಬಹುದು. ಕಬ್ಬಿಣದ ಮಾತ್ರೆ ಎರಡು ಮೂರು ತಿಂಗಳು ನುಂಗಿದರೂ ಹಿಮೋಗ್ಲೋಬಿನ್ ಏರದೇ ಇದ್ದರೆ ತಲಸ್ಸೀಮಿಯಾದಂಥ ಹುಟ್ಟುಗುಣ ಇದೆಯೇ ಎಂದು ನೋಡುವುದೂ ಉಂಟು.

ಹುಡುಗರ ವಿಷಯ ಬೇರೆ. ಕರ್ನಾಟಕದ ಗಂಡಸರಲ್ಲಿ ಐವರಲ್ಲಿ ಒಬ್ಬರಿಗೆ ರಕ್ತಹೀನತೆ ಎಂದು ಅದೇ ಸಮೀಕ್ಷೆ ಹೇಳುತ್ತದೆ. ಮುಟ್ಟಿನ ಕಾರಣವಿಲ್ಲದ ಹರೆಯದ ಗಂಡಸಿಗೆ ರಕ್ತ ಕಡಿಮೆಯಾದರೆ ಎಲ್ಲಿ ಸೋರುತ್ತಿದೆ ಎಂದು ಹುಡುಕಬೇಕು. ಮೂಲವ್ಯಾಧಿ ಇರಬಹುದು. ಮೈಕೈ ನೋವಿಗೆ ಮೆಡಿಕಲ್ ಶಾಪಿನಿಂದ ತಾನೇ ತಂದು ನುಂಗುವ ನೋವಿನ ಮಾತ್ರೆಯಿಂದ ಹೊಟ್ಟೆಯಲ್ಲಿ ಹುಣ್ಣಾಗಿರಬಹುದು. ಮಲ ಡಾಂಬರಿನಂತೆ ಕಪ್ಪಾಗಿ ಜಿಗುಟಾಗಿದ್ದರೆ ನಾಳೆಗೆ ಮುಂದೂಡಬಾರದು.

ಚಿತ್ರದುರ್ಗದ ಮಾತಾಡುವಾಗ ನೀರನ್ನು ಬಿಡಲಾಗದು. ಇಲ್ಲಿನ ಕಲ್ಲುಬಂಡೆಗಳ ನಡುವಿನ ಅಂತರ್ಜಲದಲ್ಲಿ ಫ್ಲೋರೈಡ್ ಇರುವುದು ಹಳೆಯ ಸಂಗತಿ. ಲೀಟರಿಗೆ ಒಂದು ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ ಒಂದೂವರೆ. ಜಿಲ್ಲೆಯ ಎಷ್ಟೋ ಕೊಳವೆಬಾವಿಗಳ ನೀರು ಅದನ್ನು ಮೀರುತ್ತದೆ. ಮಕ್ಕಳ ಹಲ್ಲಿನ ಕಂದುಪಟ್ಟೆ, ದೊಡ್ಡವರ ಬಗ್ಗದ ಬೆನ್ನು ಎಲ್ಲರಿಗೂ ಗೊತ್ತು. ಅವೆರಡರ ನಡುವಿನ ವಯಸ್ಸಿನಲ್ಲಿ ಅದು ಸ್ನಾಯುಗಳ ನಿಶ್ಶಕ್ತಿ, ತೀರದ ಬಾಯಾರಿಕೆ, ಹೊಟ್ಟೆನೋವು, ಕೀಲುನೋವುಗಳಾಗಿ ಕಾಣಿಸಿಕೊಳ್ಳಬಹುದು. ಫ್ಲೋರೈಡ್ ಕರುಳಿನ ಒಳಪದರವನ್ನು ಕೆಡಿಸಿ ಪೋಷಕಾಂಶ ಹೀರದಂತೆ ಮಾಡುತ್ತದೆ, ರಕ್ತಹೀನತೆಗೆ ಅದೂ ಕಾರಣವೆಂದು ಫ್ಲೋರೈಡ್ ಸಂಶೋಧಕಿ ಡಾ. ಎ. ಕೆ. ಸುಶೀಲಾ ವರ್ಷಗಟ್ಟಲೆ ಹೇಳುತ್ತ ಬಂದಿದ್ದಾರೆ. ಹಳ್ಳಿಯ ಶುದ್ಧ ಕುಡಿಯುವ ನೀರಿನ ಘಟಕದಿಂದ ಕ್ಯಾನು ತಂದು ಕುಡಿಯಲು ಮಾತ್ರ ಇಟ್ಟು, ಅನ್ನ ಸಾರು ಟೀಗೆ ಬೋರಿನ ನೀರನ್ನೇ ಹಾಕುವ ಮನೆಗಳು ಬಹಳ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಗಟ್ಟಿಯಾಗುತ್ತದೆ. ವಾಣಿವಿಲಾಸ ಸಾಗರ ಜಲಾಶಯ 2022ರಲ್ಲಿ, 1933ರ ನಂತರ ಮೊದಲ ಸಲ ಕೋಡಿ ಬಿದ್ದಾಗ ಜನ ಜಾತ್ರೆಯಂತೆ ನೋಡಲು ಹೋದರು. ಆ ನೀರು ಕುಡಿಯುವ ನಲ್ಲಿಯಾಗಿ ತಲುಪಿದ ಮನೆಗೆ ಬೋರಿನ ಫ್ಲೋರೈಡಿನಿಂದ ಬಿಡುಗಡೆ. ತಲುಪದ ಹಳ್ಳಿಯವರು ತಮ್ಮ ಬೋರಿನ ನೀರನ್ನು ಪರೀಕ್ಷೆ ಮಾಡಿಸಿ ಅಂಕಿ ಕೇಳಬೇಕು.

ಉಳಿದವನ್ನು ಬೇಗ ಹೇಳುತ್ತೇನೆ. ಸಂಜೆ ಸಂಜೆ ಸಣ್ಣ ಜ್ವರ, ತೂಕ ಇಳಿಯುವುದು, ಎರಡು ವಾರ ದಾಟಿದ ಕೆಮ್ಮು ಇದ್ದರೆ ಕ್ಷಯದ ಕಫ ಪರೀಕ್ಷೆ. ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆಯೂ ಔಷಧವೂ ಉಚಿತ, ಪೌಷ್ಟಿಕ ಆಹಾರಕ್ಕೆ ತಿಂಗಳಿಗೆ 1000 ರೂಪಾಯಿ ಕೊಡುತ್ತಾರೆ. ಪದೇ ಪದೇ ಮೂತ್ರ, ಬಾಯಾರಿಕೆ ಇದ್ದರೆ ಸಕ್ಕರೆ ಪರೀಕ್ಷೆ. ಇಪ್ಪತ್ತರ ಹರೆಯದಲ್ಲೂ ಸಕ್ಕರೆ ಕಾಯಿಲೆ ಬರುತ್ತದೆ, ಅಂಥವರಿಗೆ ಬರೀ ಬಿಪಿ ನೋಡಿ ಗ್ಲೂಕೋಸ್ ಏರಿಸುವುದು ಅಪಾಯ. ಕಣ್ಣು ಹಳದಿ, ಮುಖ ಕಾಲು ಊತ ಕಂಡರೆ ಯಕೃತ್ತು, ಮೂತ್ರಪಿಂಡ. ಡೆಂಗಿ, ಚಿಕೂನ್‌ಗುನ್ಯಾ ಬಿಟ್ಟ ಮೇಲೆ ವಾರಗಟ್ಟಲೆ ಸುಸ್ತು ಉಳಿಯುವುದು ಉಂಟು. ಅದಕ್ಕೆ ಕಾಲವೇ ಬೇಕು.

ನಿದ್ದೆಯ ಬಗ್ಗೆ ಮಾತ್ರ ಅವಸರ ಬೇಡ. ನಮ್ಮ ಜಿಲ್ಲೆಯ ನಡುವೆ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 48 ರಾತ್ರಿಯೆಲ್ಲ ಎಚ್ಚರವಾಗಿರುತ್ತದೆ. ಜೊತೆಗೆ ಲಾರಿಯ ಹುಡುಗರು, ಡಾಬಾದ ಹುಡುಗರು, ಪೆಟ್ರೋಲ್ ಬಂಕಿನ ಹುಡುಗರು. ಅಡಿಕೆ ಕಾಲದಲ್ಲಿ ಹೊಳಲ್ಕೆರೆ, ಭೀಮಸಮುದ್ರದ ಕಡೆ ಸುಲಿಯುವ ಕೆಲಸ ಎಷ್ಟು ಹೊತ್ತಿಗೆ ಮುಗಿಯುತ್ತದೆಂದು ಹೇಳಲಾಗದು. ರಾತ್ರಿ ಪಾಳಿ ಮುಗಿಸಿ ಹಗಲು ಮಲಗುವವರು ಕೋಣೆ ಕತ್ತಲು ಮಾಡಿಕೊಳ್ಳಬೇಕು, ಪಾಳಿಯ ಕೊನೆಯ ಹೊತ್ತಿನಲ್ಲಿ ಟೀ ಬಿಡಬೇಕು. ಎಂಟು ಗಂಟೆ ಮಲಗಿದರೂ ಸುಸ್ತಾಗಿ ಏಳುವವರು, ಜೋರಾಗಿ ಗೊರಕೆ ಹೊಡೆದು ನಡುನಡುವೆ ಉಸಿರು ಕಟ್ಟಿದಂತಾಗುವವರು ಅದನ್ನು ವೈದ್ಯರಿಗೆ ಹೇಳಬೇಕು. ಸ್ಟೇರಿಂಗ್ ಹಿಡಿಯುವವರಿಗಂತೂ ಇದು ಪ್ರಾಣದ ಪ್ರಶ್ನೆ.

ಮನಸ್ಸಿನ ಕಾಯಿಲೆಯೂ ನಮ್ಮಲ್ಲಿ ಮೈಯ ಭಾಷೆಯಲ್ಲೇ ಮಾತಾಡುತ್ತದೆ. "ಬೇಜಾರು" ಎಂದರೆ "ಸೋಮಾರಿ" ಎನ್ನುತ್ತಾರೆಂದು ಹುಡುಗ "ಸುಸ್ತು" ಎನ್ನುತ್ತಾನೆ. ಪರೀಕ್ಷೆ ಮೇಲೆ ಪರೀಕ್ಷೆ ಬರೆದು ಕೆಲಸ ಸಿಗದವನು, ಬೋರು ಬತ್ತಿದ ತೋಟದ ಸಾಲ ತಲೆ ಮೇಲಿರುವವನು, ಮದುವೆಯಾಗಿ ಬಂದ ಊರಲ್ಲಿ ಮಾತಾಡಲು ಯಾರೂ ಇಲ್ಲದವಳು. ಇಷ್ಟವಾಗಿದ್ದ ಕೆಲಸಗಳಲ್ಲೂ ಎರಡು ವಾರದಿಂದ ಆಸಕ್ತಿ ಇಲ್ಲ, ಬೆಳಗಿನ ಜಾವ ಎಚ್ಚರವಾಗಿ ಮತ್ತೆ ನಿದ್ದೆ ಇಲ್ಲ, ಬದುಕು ಸಾಕೆನ್ನಿಸುತ್ತದೆ ಎಂದರೆ ಅದು ಖಿನ್ನತೆ ಇರಬಹುದು, ಅದಕ್ಕೆ ಚಿಕಿತ್ಸೆ ಇದೆ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಬೇಕಿಲ್ಲ.

ನನ್ನ ತಂಗಿಯ ಕಥೆ ಮುಂದೆ ಹೀಗಾಯಿತು. ಕಳೆದ ವರ್ಷ ಅವಳನ್ನು ಒತ್ತಾಯ ಮಾಡಿ ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಸರ್ಕಾರಿ ಬಸ್ಸಿನಲ್ಲಿ ಹೆಂಗಸರು ಟಿಕೆಟ್ಟಿಗೆ ದುಡ್ಡು ಕೊಡಬೇಕಿಲ್ಲ ನಿಜ, ಒಂದು ದಿನದ ಕೂಲಿ ಹೋಗುತ್ತದಲ್ಲ ಎಂಬುದೇ ಮನೆಯವರ ಚಿಂತೆ. ಸಿಬಿಸಿ ಎಂಬ ರಕ್ತಪರೀಕ್ಷೆ ಮಾಡಿದರು, ಹಿಮೋಗ್ಲೋಬಿನ್ 7.4. ನಾನು ಅಷ್ಟಕ್ಕೇ ಉತ್ತರ ಸಿಕ್ಕಿತೆಂದುಕೊಂಡೆ. ಡಾಕ್ಟರಮ್ಮ ಅಲ್ಲಿಗೆ ನಿಲ್ಲಲಿಲ್ಲ. "ಮುಟ್ಟು ಎಷ್ಟು ದಿನ ಹೋಗ್ತದಮ್ಮಾ? ದಿನಕ್ಕೆ ಎಷ್ಟು ಪ್ಯಾಡು?" ಎಂದು ಕೇಳಿದರು. ಎರಡು ವರ್ಷದಲ್ಲಿ ಅವಳಿಗೆ ಯಾರೂ ಕೇಳದ ಪ್ರಶ್ನೆ ಅದು. ಒಂಬತ್ತು ದಿನ ಎಂದಳು. ಚಳಿ ಹೆಚ್ಚಾಗುತ್ತದೆಯೇ, ಮಲಬದ್ಧತೆ ಇದೆಯೇ, ಚರ್ಮ ಒಣಗಿದೆಯೇ, ದಪ್ಪ ಆಗುತ್ತಿದ್ದೀಯಾ ಎಂದು ಕೇಳುತ್ತಾ ಹೋದರು, ಎಲ್ಲಕ್ಕೂ ಹೂಂ. ಕೊನೆಗೆ ಥೈರಾಯ್ಡ್ ಪರೀಕ್ಷೆ ಬರೆದರು. ಥೈರಾಯ್ಡ್ ಗ್ರಂಥಿ ಮಂಕಾದಾಗ ಏರುವ ಟಿಎಸ್‌ಎಚ್ ಇರಬೇಕಾದದ್ದರ ಏಳೆಂಟು ಪಟ್ಟು ಇತ್ತು.

ಕತ್ತಿನ ಮುಂದಿನ ಆ ಸಣ್ಣ ಗ್ರಂಥಿ ಮಂಕಾದರೆ ಮೈಯ ಒಲೆಯೇ ಮಂಕಾಗುತ್ತದೆ, ಸುಸ್ತು ಅದರಿಂದ. ಅದೇ ಗ್ರಂಥಿಯ ಕೊರತೆ ಮುಟ್ಟಿನ ಸ್ರಾವವನ್ನು ಹೆಚ್ಚಿಸುತ್ತದೆ, ಅದರಿಂದ ಕಬ್ಬಿಣ ಖಾಲಿ, ಇನ್ನಷ್ಟು ಸುಸ್ತು. ಬರೀ ಕಬ್ಬಿಣದ ಮಾತ್ರೆ ಕೊಟ್ಟು ಕಳಿಸಿದ್ದರೆ ಒಂದು ಕಡೆ ತುಂಬಿಸಿದ್ದು ಇನ್ನೊಂದು ಕಡೆ ಸೋರಿಹೋಗುತ್ತಿತ್ತು. ಈಗ ಅವಳ ಮನೆಯ ಗೂಡಿನಲ್ಲಿ ಎರಡು ಡಬ್ಬಿಗಳಿವೆ. ಥೈರಾಯ್ಡ್ ಮಾತ್ರೆ ಬೆಳಿಗ್ಗೆ ಎದ್ದ ಕೂಡಲೇ ಬರಿಹೊಟ್ಟೆಗೆ, ಬರೀ ನೀರಿನಲ್ಲಿ. ಟೀ ಆಮೇಲೆ ಅರ್ಧ ಗಂಟೆ ಬಿಟ್ಟು. ಕಬ್ಬಿಣದ ಮಾತ್ರೆ ಸಂಜೆ, ನಿಂಬೆ ಪಾನಕದ ಜೊತೆ. ಎರಡರ ನಡುವೆ ನಾಲ್ಕು ಗಂಟೆಯಾದರೂ ಇರಬೇಕು, ಒಟ್ಟಿಗೆ ನುಂಗಿದರೆ ಕಬ್ಬಿಣ ಥೈರಾಯ್ಡ್ ಮಾತ್ರೆಯನ್ನು ಹಿಡಿದುಕೊಂಡುಬಿಡುತ್ತದೆ. ಮೊದಲ ವಾರ ಮಲ ಕಪ್ಪಾಯಿತೆಂದು ಹೆದರಿ ಫೋನ್ ಮಾಡಿದಳು. ಅದು ಮಾತ್ರೆಯ ಬಣ್ಣ, ನಿಲ್ಲಿಸಬೇಡ ಎಂದೆ. ಹೊಟ್ಟೆ ತೊಳಸುತ್ತದೆ ಎಂದಾಗ ಡಾಕ್ಟರಮ್ಮ ದಿನ ಬಿಟ್ಟು ದಿನ ತೆಗೆದುಕೊಳ್ಳಲು ಹೇಳಿದರು. ಹಾಗೆ ತೆಗೆದುಕೊಂಡರೆ ಕರುಳು ಪ್ರತಿ ಮಾತ್ರೆಯಿಂದ ಹೆಚ್ಚು ಹೀರಿಕೊಳ್ಳುತ್ತದಂತೆ. ನಾಲ್ಕು ತಿಂಗಳಿಗೆ ಹಿಮೋಗ್ಲೋಬಿನ್ 11.6ಕ್ಕೆ ಬಂತು, ಮುಟ್ಟು ಐದು ದಿನಕ್ಕೆ ಇಳಿಯಿತು. ಕಣಜ ತುಂಬಲು ಇನ್ನೂ ಮೂರು ತಿಂಗಳು ಮಾತ್ರೆ ಬಿಡಬಾರದು.

ಮೊನ್ನೆ ಫೋನ್ ಮಾಡಿದಾಗ ಹಿಂದೆ ಗಾಳಿಯ ಸದ್ದು ಕೇಳುತ್ತಿತ್ತು. ಎಲ್ಲಿದ್ದೀಯೇ ಎಂದೆ. "ಗುಡ್ಡದ ಮೇಲಿನ ಗುಡಿತಾವ ಅದೀನಕ್ಕಾ. ಹತ್ತಿ ಬಂದೆ, ಮಧ್ಯದಾಗೆ ಒಂದೇ ಸಲ ಕೂತೆ."